ಗಂಟಲಲ್ಲಿ ಸದಾ ಕಫ: ಮೊದಲು ಮೂಗು, ಹೊಟ್ಟೆ ನೋಡಿ

ಬೆಳಗ್ಗೆ ಎದ್ದು ಬಚ್ಚಲಲ್ಲಿ ಎಷ್ಟು ಕ್ಯಾಕರಿಸಿದರೂ ಗಂಟಲು ಹಗುರಾಗುವುದಿಲ್ಲ. ಜ್ವರವಿಲ್ಲ, ಎಕ್ಸ್‌ರೇಯಲ್ಲಿ ಎದೆಯೂ ಸರಿಯಾಗಿದೆ. ಇಂಥವರಲ್ಲಿ ಸಾಮಾನ್ಯವಾಗಿ ತೊಂದರೆ ಮೂಗಿನದು, ಇಲ್ಲವೇ ಹೊಟ್ಟೆಯದು.

ಮೂಗು ಮತ್ತು ಸೈನಸ್‌ಗಳಲ್ಲಿ ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಲೋಳೆ ಹುಟ್ಟುತ್ತದೆ, ಗೊತ್ತಿಲ್ಲದೆಯೇ ನುಂಗುತ್ತಿರುತ್ತೇವೆ. ಅದು ಗಟ್ಟಿಯಾದಾಗ ಅಥವಾ ಗಂಟಲ ಒಳಪೊರೆ ಊದಿಕೊಂಡಾಗ ಏನೋ ಅಂಟಿದೆ ಅನ್ನಿಸುತ್ತದೆ. ಕ್ಯಾಕರಿಸಿದರೆ ಊತ ಇನ್ನೂ ಹೆಚ್ಚುತ್ತದೆ, ಲೋಳೆಯೂ ಹೆಚ್ಚುತ್ತದೆ. ಹಾಗೆನ್ನಿಸಿದಾಗಲೆಲ್ಲ ಒಂದು ಗುಟುಕು ನೀರು ಕುಡಿಯಿರಿ, ಇಲ್ಲವೇ ಸದ್ದಿಲ್ಲದೆ ‘ಹ’ ಎಂದು ಉಸಿರು ಬಿಟ್ಟು ಎಂಜಲು ನುಂಗಿ. ಅಭ್ಯಾಸ ತಪ್ಪಲು ಕೆಲವು ವಾರಗಳೇ ಬೇಕು.

ಕಸ ಗುಡಿಸುವಾಗ, ಹಳೆ ಹೊದಿಕೆ ಕೊಡವಿದಾಗ ಸೀನು, ಮೂಗು ಕಟ್ಟುವುದು, ಕಣ್ಣು ತುರಿಕೆ ಜೊತೆಗೂಡಿದರೆ ಮೂಗನ್ನು ಅನುಮಾನಿಸಿ. ಊಟವಾದ ಮೇಲೆ ಜಾಸ್ತಿ, ಬೆಳಗ್ಗೆ ದನಿ ಒಡೆದಂತೆ, ಹುಳಿತೇಗು ಬೇರೆ ಅಂದರೆ ಗಂಟಲವರೆಗೆ ಏರುವ ಹೊಟ್ಟೆಯ ಆಮ್ಲ. ಎದೆಯುರಿ ಇರಲೇಬೇಕೆಂದಿಲ್ಲ, ಹಲವರು ಎಡವುವುದೇ ಇಲ್ಲಿ. ಬಿಪಿಗೆ ರಾಮಿಪ್ರಿಲ್, ಎನಲಾಪ್ರಿಲ್ ನುಂಗುವವರಿಗೂ ಗಂಟಲು ಕೆರೆದು ಒಣಕೆಮ್ಮು ಬರಬಹುದು. ತಾವೇ ನಿಲ್ಲಿಸದೆ ವೈದ್ಯರಿಗೆ ಹೇಳಿ.

ಮೂಗಿನ ತೊಂದರೆಗೆ ಉಪ್ಪುನೀರಿನ ತೊಳೆತ ಒಳ್ಳೆಯದು. ನೀರನ್ನು ಕನಿಷ್ಠ ಒಂದು ನಿಮಿಷ ಕುದಿಸಿ, ಉಗುರು ಬೆಚ್ಚಗಾಗುವವರೆಗೆ ಆರಿಸಿ. ನಲ್ಲಿ ನೀರು, ಬಾವಿ ನೀರನ್ನು ಕುದಿಸದೆ ಬಳಸಲೇಬೇಡಿ: ಮಿದುಳಿಗೆ ಹೋಗುವ ಅಮೀಬಾ ಹೊಕ್ಕುವುದು ಮೂಗಿನಿಂದಲೇ. 250 ಮಿ.ಲೀ. ನೀರಿಗೆ ಅಯೋಡಿನ್ ಇಲ್ಲದ ಪುಡಿ ಉಪ್ಪು ಅರ್ಧ ಟೀ ಚಮಚ, ಅಡುಗೆ ಸೋಡಾ ಒಂದು ಚಿಟಿಕೆ. ಔಷಧಿ ಅಂಗಡಿಯ ಸ್ಯಾಶೆಯೂ ಆದೀತು. ಸಿಂಕ್ ಮೇಲೆ ಬಾಗಿ, ತಲೆ ಪಕ್ಕಕ್ಕೆ ವಾಲಿಸಿ, ಬಾಯಿಂದ ಉಸಿರಾಡುತ್ತ ಮೇಲಿನ ಹೊಳ್ಳೆಗೆ ಹುಯ್ಯಿರಿ, ಕೆಳಗಿನದರಿಂದ ಇಳಿಯುತ್ತದೆ. ಉರಿದರೆ ಉಪ್ಪಿನ ಅಳತೆ ತಪ್ಪಿದೆ. ಆಮೇಲೆ ಮೂಗನ್ನು ಜೋರಾಗಿ ಸೀಂಟಿದರೆ ನೀರು ಕಿವಿಯತ್ತ ಹೋಗಿ ನೋಯುತ್ತದೆ. ಮಲಗುವ ಹೊತ್ತಿಗೆ ಮಾಡಬೇಡಿ, ಒಳಗುಳಿದ ನೀರು ರಾತ್ರಿ ಗಂಟಲಿಗೇ ಸೋರುತ್ತದೆ.

ವೈದ್ಯರು ಸ್ಟೀರಾಯ್ಡ್ ಸ್ಪ್ರೇ ಬರೆದಿದ್ದರೆ ತೊಳೆದು ಹತ್ತು ನಿಮಿಷ ಬಿಟ್ಟು ಹಾಕಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ತುದಿ ಕಣ್ಣಿನ ಹೊರಮೂಲೆಯತ್ತ ಇರಲಿ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಪೂರ್ಣ ಪರಿಣಾಮಕ್ಕೆ ಎರಡು ವಾರ ಬೇಕಾಗಬಹುದು. ಮೂರೇ ದಿನಕ್ಕೆ ಬಿಡುವವರು ಅದನ್ನು ಕಾಣುವುದಿಲ್ಲ. ಮೂಗು ತೆರೆಯುವ ಆಕ್ಸಿಮೆಟಜೋಲಿನ್ ಡ್ರಾಪ್ಸ್ ತದ್ವಿರುದ್ಧ, ಮೂರು ದಿನ ದಾಟಿಸಬೇಡಿ. ನಿದ್ದೆ ಬರಿಸುವ ಹಳೆಯ ಶೀತದ ಮಾತ್ರೆಗಳು ಲೋಳೆಯನ್ನು ಒಣಗಿಸಿ ಇನ್ನಷ್ಟು ಅಂಟು ಮಾಡಬಹುದು.

ಆಮ್ಲದವರಿಗೆ ಮುಖ್ಯ ಔಷಧಿ ಗಡಿಯಾರ: ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ. ಮಂಚದ ತಲೆಕಡೆ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಆರೇಳು ಅಂಗುಲ ಎತ್ತರಿಸಿ. ದಿಂಬು ಪೇರಿಸಿದರೆ ಸೊಂಟ ಮಡಚಿ ಹೊಟ್ಟೆಯ ಮೇಲೆ ಒತ್ತಡ ಬೀಳುತ್ತದೆ. ರಾತ್ರಿಯ ಕರಿದ ತಿಂಡಿ, ಕಾಫಿ, ಬೀಡಿ-ಸಿಗರೇಟು ಬಿಡಿ.

ಹಾಲು ಕಫ ಹೆಚ್ಚಿಸುವುದಿಲ್ಲ. ಎಂಜಲಿಗೆ ಬೆರೆತು ಮಂದವಾಗಿ ಹಾಗನ್ನಿಸುತ್ತದೆ, ಅಷ್ಟೇ. ಹಬೆ ತಾತ್ಕಾಲಿಕ ಹಿತ. ಕುದಿಯುವ ಪಾತ್ರೆಯ ಮೇಲೆ ಮಕ್ಕಳನ್ನು ಬಗ್ಗಿಸಬೇಡಿ.

ಮೂರು ವಾರ ದಾಟಿದ ದನಿ ಒಡಕು, ನುಂಗಲು ಕಷ್ಟ, ಕತ್ತಿನಲ್ಲಿ ಗಂಟು, ಕಫದಲ್ಲಿ ರಕ್ತ, ತೂಕ ಇಳಿತ ಕಂಡರೆ, ಅದರಲ್ಲೂ ಗುಟ್ಕಾ, ತಂಬಾಕಿನವರಲ್ಲಿ, ಮನೆಮದ್ದು ನಿಲ್ಲಿಸಿ ಇಎನ್‌ಟಿ ವೈದ್ಯರಲ್ಲಿಗೆ ಹೋಗಿ. ಕೆಮ್ಮು ಎರಡು ವಾರಕ್ಕಿಂತ ಹೆಚ್ಚಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯಕ್ಕೆ ಕಫ ಪರೀಕ್ಷೆ ಉಚಿತ.