ಸಂಗೀತ ತಂಡದ ಪ್ರವಾಸ: ದಾರಿಯಲ್ಲಿ ಕೈಕೊಟ್ಟಿದ್ದನ್ನು ವೇದಿಕೆ ಹತ್ತುವ ಮೊದಲು ಸರಿಪಡಿಸುವುದು ಹೇಗೆ?

ಶಾಲೆಯ ಸಂಗೀತ ತಂಡ ಕಾರ್ಯಕ್ರಮಕ್ಕೆಂದು ಹೊರಟ ಮೇಲೆ ಪಿಟೀಲಿನ ತಂತಿ ಕಡಿಯಬಹುದು, ಬಸ್ಸು ಕೆಟ್ಟು ನಿಲ್ಲಬಹುದು, ಹಾಡಬೇಕಾದ ಹುಡುಗಿಗೆ ಗಂಟಲು ಕಟ್ಟಬಹುದು. ಇಷ್ಟಕ್ಕೇ ಕಾರ್ಯಕ್ರಮ ಕೆಡಬೇಕಿಲ್ಲ. ಜೊತೆಗೆ ಬಂದ ನಾಲ್ಕೂ ಮಂದಿ ದೊಡ್ಡವರು ಒಂದೇ ಪಿಟೀಲಿನ ಸುತ್ತ ನಿಂತು, ಉಳಿದ ಮೂವತ್ತು ಮಕ್ಕಳನ್ನು ನೋಡುವವರೇ ಇಲ್ಲವಾದಾಗ ನಿಜವಾದ ಎಡವಟ್ಟು ಶುರುವಾಗುತ್ತದೆ.

ಹಂತ 1: ಹೊರಡುವ ಮೊದಲೇ ಮೂರು ಹೊಣೆ ಹಂಚಿ

ಮಕ್ಕಳಿಗೆ ಒಬ್ಬರು, ವಾದ್ಯಗಳಿಗೆ ಒಬ್ಬರು, ಫೋನಿಗೆ ಒಬ್ಬರು. ಮಕ್ಕಳ ಹೊಣೆ ಹೊತ್ತವರು ಏನೇ ಆದರೂ ವಾದ್ಯದ ರಿಪೇರಿಗೆ ಕೈ ಹಾಕಬಾರದು. ಔಷಧಿ, ಅಲರ್ಜಿಗಳ ಪಟ್ಟಿ ಕಾಗದದಲ್ಲೇ ಅವರ ಬಳಿ ಇರಲಿ. ಆಯೋಜಕರು, ಚಾಲಕ, ಪೋಷಕರು ಎಲ್ಲರೊಂದಿಗೂ ಮಾತಾಡುವವರು ಒಬ್ಬರೇ ಆಗಿರಲಿ. ತಂಡವನ್ನು ನಡೆಸುವ ಸಂಗೀತ ಶಿಕ್ಷಕರಿಗೆ ಈ ಮೂರರಲ್ಲಿ ಒಂದನ್ನೂ ಕೊಡಬೇಡಿ. ಯಾವ ಹಾಡು ಬಿಡಬೇಕು, ಯಾರು ಯಾರ ಬದಲಿಗೆ ನುಡಿಸಬೇಕು ಎಂದು ತೀರ್ಮಾನಿಸಲು ಅವರ ತಲೆ ಖಾಲಿ ಇರಬೇಕು.

ಹಂತ 2: ರಿಪೇರಿ ಪೆಟ್ಟಿಗೆ

ಒಳಗಿರುವುದು ಕಾಣುವಂಥ ಪ್ಲಾಸ್ಟಿಕ್ ಡಬ್ಬಿಯೇ ಬೇಕು. ಚೀಲದಲ್ಲಿ ತಡಕಾಡಲು ಸಮಯ ಇರುವುದಿಲ್ಲ. ಪಿಟೀಲಿಗೆ ಒಂದು ಪೂರ್ತಿ ಸೆಟ್ ತಂತಿ, ಅದರ ಮೇಲೆ ಅತಿ ತೆಳುವಾದ ತಂತಿ ಇನ್ನೂ ಮೂರು. ಗಿಟಾರಿಗೂ ಒಂದು ಸೆಟ್, ಜೊತೆಗೆ ಒಂದನೇ ತಂತಿ ಎರಡು. ಕ್ಲಾರಿನೆಟ್, ಸ್ಯಾಕ್ಸೊಫೋನ್ ನುಡಿಸುವ ಪ್ರತಿ ಮಗುವಿಗೂ ಈಗಾಗಲೇ ಊದಿ ಪಳಗಿಸಿದ ಮೂರು ರೀಡ್ (ಊದುವ ತುದಿಯಲ್ಲಿ ಕಂಪಿಸುವ ತೆಳು ಪಟ್ಟಿ). ವಾಲ್ವ್ ಎಣ್ಣೆ, ಕಾರ್ಕ್ ಗ್ರೀಸ್, ಸಣ್ಣ ಸ್ಕ್ರೂಡ್ರೈವರ್, ತಂತಿ ಕತ್ತರಿಸುವ ಇಕ್ಕಳ, 2ಬಿ ಪೆನ್ಸಿಲ್, ಮೆತ್ತನೆಯ ಬಟ್ಟೆ, ಶ್ರುತಿ ನೋಡುವ ಕ್ಲಿಪ್ ಟ್ಯೂನರ್, ಅದಕ್ಕೊಂದು ಹೆಚ್ಚುವರಿ ಸೆಲ್, ಎರಡು ಕೇಬಲ್, ಬಟ್ಟೆ ಒಣಹಾಕುವ ಕ್ಲಿಪ್ ಒಂದು ಡಜನ್. ಬಯಲು ವೇದಿಕೆಯಲ್ಲಿ ಗಾಳಿಗೆ ಸ್ವರಲಿಪಿಯ ಹಾಳೆ ಹಾರದಂತೆ ಹಿಡಿಯಲು ಈ ಕ್ಲಿಪ್‌ಗಳಷ್ಟು ಒಳ್ಳೆಯ ಸಾಧನ ಬೇರೊಂದಿಲ್ಲ.

ತಕ್ಷಣ ಅಂಟುವ ಸೂಪರ್ ಗ್ಲೂ ಪೆಟ್ಟಿಗೆಯಲ್ಲಿ ಇರಲೇಬಾರದು. ಆತುರದಲ್ಲಿ ಬಿರುಕಿಗೆ ಅದನ್ನು ಹಚ್ಚಿದರೆ ಮುಂದೆ ನಿಜವಾದ ರಿಪೇರಿಗೂ ಕಷ್ಟ. ಪ್ಯಾಕಿಂಗ್ ಟೇಪನ್ನು ವಾರ್ನಿಷ್ ಮೇಲೆ ಅಂಟಿಸಿದರೆ ಕೀಳುವಾಗ ಬಣ್ಣವೂ ಎದ್ದುಬರುತ್ತದೆ. ವಿಮಾನದಲ್ಲಿ ಹೋಗುವುದಾದರೆ ಇಕ್ಕಳ, ಸ್ಕ್ರೂಡ್ರೈವರ್‌ಗಳನ್ನು ಸಾಮಾನಿನ ಪೆಟ್ಟಿಗೆಗೆ ಹಾಕಿ. ಬಿಡಿ ಲಿಥಿಯಂ ಬ್ಯಾಟರಿ, ಪವರ್‌ಬ್ಯಾಂಕ್‌ಗಳು ಕೈಚೀಲದಲ್ಲೇ ಇರಬೇಕು.

ಸ್ವರಲಿಪಿಯ ಇನ್ನೊಂದು ಪ್ರತಿ ಬೇರೆ ಚೀಲದಲ್ಲಿರಲಿ, ಎರಡು ಫೋನಿಗೂ ಇಳಿಸಿಕೊಂಡಿರಲಿ. ಪ್ರತಿ ವಾದ್ಯದ ಕ್ರಮಸಂಖ್ಯೆಯ ಫೋಟೊ ತೆಗೆದಿಡಿ. ಬಿಸಿಲಲ್ಲಿ ನಿಂತ, ಬಾಗಿಲು ಮುಚ್ಚಿದ ಬಸ್ಸಿನಲ್ಲಿ ವಾದ್ಯ ಬಿಡಬೇಡಿ. ಅಂಟು ಮೆತ್ತಗಾಗಿ ಜೋಡಣೆ ಬಿಚ್ಚಿಕೊಳ್ಳುತ್ತದೆ.

ಹಂತ 3: ಪಿಟೀಲಿನ ಕುದುರೆ ಬಿದ್ದಾಗ

ಅತಿ ಹೆಚ್ಚು ತಪ್ಪಾಗುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಪ್ರಯಾಣದಲ್ಲಿ ಪೆಟ್ಟಿಗೆಗೆ ಏಟು ಬಿದ್ದೋ, ಗಾಳಿ ಒಣಗಿ ಬಿರಡೆ (ತಂತಿ ಸುತ್ತಿ ಬಿಗಿಯುವ ಗೂಟ) ಸಡಿಲವಾಗಿಯೋ, ತಂತಿಗಳನ್ನು ಎತ್ತಿಹಿಡಿಯುವ ಮರದ ಕುದುರೆ ಮಲಗಿಬಿಡುತ್ತದೆ. ಮಗು ಗಾಬರಿಯಿಂದ ತಾನೇ ನೆಟ್ಟಗೆ ನಿಲ್ಲಿಸಿ ಬಿಗಿಯಲು ಹೋಗುತ್ತದೆ. ತಡೆಯಿರಿ.

ಮೊದಲು ಪಿಟೀಲನ್ನು ಬಟ್ಟೆಯ ಮೇಲೆ ಮಲಗಿಸಿ, ಎಫ್ ಆಕಾರದ ರಂಧ್ರದಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ. ತೆಳು ತಂತಿಯ ಬದಿಯಲ್ಲಿ, ಕುದುರೆಯ ಪಾದ ಇರುವ ಜಾಗಕ್ಕಿಂತ ಸ್ವಲ್ಪ ಹಿಂದೆ, ಪೆನ್ಸಿಲ್ ದಪ್ಪದ ಕಡ್ಡಿಯೊಂದು ನೆಟ್ಟಗೆ ನಿಂತಿರಬೇಕು. ಅದೇ ಸೌಂಡ್‌ಪೋಸ್ಟ್. ಅಂಟಿಲ್ಲದೆ ಬರೀ ಒತ್ತಡದ ಮೇಲೆ ನಿಂತಿರುವ ಈ ಕಡ್ಡಿ ಎಲ್ಲ ತಂತಿಗಳೂ ಸಡಿಲವಾದಾಗ ಬೀಳಬಹುದು. ಬಿದ್ದಿದ್ದರೆ ಪಿಟೀಲು ಓರೆ ಮಾಡಿದಾಗ ಒಳಗೆ ಉರುಳುವ ಸದ್ದು ಕೇಳಿಸುತ್ತದೆ. ಹಾಗಾಗಿದ್ದರೆ ತಂತಿ ಬಿಗಿಯಲೇಬೇಡಿ. ಆಸರೆ ಇಲ್ಲದ ಮೇಲ್ಹಲಗೆ ಕುಸಿದು ಬಿರುಕು ಬಿಡಬಹುದು. ಅದನ್ನು ನಿಲ್ಲಿಸಲು ಬೇರೆಯೇ ಸಲಕರಣೆ ಬೇಕು, ಪಳಗಿದ ಕೈ ಬೇಕು. ಆ ವಾದ್ಯ ಆ ದಿನದ ಮಟ್ಟಿಗೆ ಮುಗಿಯಿತು. ಮಗುವಿಗೆ ಬೇರೆ ಪಿಟೀಲು ಕೊಡಿ.

ಕಡ್ಡಿ ನಿಂತಿದ್ದರೆ ಮುಂದುವರಿಯಿರಿ. ಕುದುರೆಯ ಎತ್ತರದ ಬದಿ ದಪ್ಪ ತಂತಿಯ ಕೆಳಗೆ, ತಗ್ಗಿನ ಬದಿ ತೆಳು ತಂತಿಯ ಕೆಳಗೆ. ಚಪ್ಪಟೆಯಾಗಿರುವ ಮುಖ ತಂತಿ ಸಿಕ್ಕಿಸುವ ಟೇಲ್‌ಪೀಸ್ ಕಡೆಗೆ. ಎಫ್ ರಂಧ್ರಗಳ ಒಳ ಅಂಚಿನಲ್ಲಿ ಸಣ್ಣ ಕಚ್ಚುಗಳಿರುತ್ತವೆ. ಎರಡೂ ಪಾದಗಳ ನಡುಮಧ್ಯ ಆ ಕಚ್ಚುಗಳ ನೇರಕ್ಕೆ ಬರಲಿ. ಟೇಲ್‌ಪೀಸಿನ ಅಡಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಅದರ ತಿರುಪುಗಳು ಹಲಗೆಯನ್ನು ಗೀರುತ್ತವೆ. ಕುದುರೆಯ ತಲೆಯ ಮೇಲಿನ ಕಚ್ಚುಗಳಿಗೆ ಪೆನ್ಸಿಲ್ ಸೀಸ ತಿಕ್ಕಿದರೆ ತಂತಿ ಸಲೀಸಾಗಿ ಜಾರುತ್ತದೆ.

ಈಗ ಹೊರಗಿನ ಎರಡು ತಂತಿಗಳನ್ನು ಮೊದಲು ಕೂರಿಸಿ, ಆಮೇಲೆ ನಡುವಿನವು. ನಾಲ್ಕನ್ನೂ ಸರದಿಯಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಒಂದೇ ತಂತಿಯನ್ನು ಪೂರ್ತಿ ಶ್ರುತಿಗೆ ತಂದು ಇನ್ನೊಂದಕ್ಕೆ ಹೋದರೆ ಕುದುರೆ ವಾಲಿ ಮತ್ತೆ ಬೀಳುತ್ತದೆ, ಕೆಲವೊಮ್ಮೆ ಮುರಿದೇ ಹೋಗುತ್ತದೆ. ಬಿಗಿದಷ್ಟೂ ತಂತಿಗಳು ಕುದುರೆಯ ತಲೆಯನ್ನು ಬಿರಡೆಯ ಕಡೆಗೆ ಎಳೆಯುತ್ತವೆ. ಹಾಗಾಗಿ ಪ್ರತಿ ಸುತ್ತಿನ ನಂತರ ಎರಡೂ ಕೈಗಳ ಹೆಬ್ಬೆರಳು, ತೋರುಬೆರಳಿನಿಂದ ಅದರ ಮೇಲಂಚನ್ನು ಹಿಡಿದು ಮೆಲ್ಲಗೆ ಹಿಂದಕ್ಕೆ ತನ್ನಿ. ಟೇಲ್‌ಪೀಸ್ ಕಡೆಯ ಮುಖ ಹಲಗೆಗೆ 90 ಡಿಗ್ರಿಯಲ್ಲಿದೆಯೇ ಎಂದು ಪಕ್ಕದಿಂದ ನೋಡಿ. ಈ ಹೆಜ್ಜೆ ಬಿಟ್ಟವರ ಕುದುರೆ ವೇದಿಕೆಯ ಮೇಲೆ ಬೀಳುತ್ತದೆ.

ಬಿರಡೆ ಜಾರುತ್ತಿದ್ದರೆ ತಿರುಗಿಸುತ್ತಲೇ ಒಳಕ್ಕೆ ಒತ್ತಿ. ತಂತಿಯ ಸುತ್ತುಗಳು ಬಿರಡೆಯ ಹಿಡಿಯತ್ತ ಸರಿಯುತ್ತ ಬಿರಡೆಗಳನ್ನು ಕೂರಿಸಿರುವ ಗೂಡಿನ ಗೋಡೆಗೆ ತಾಗುವಂತಿರಲಿ. ತೀರಾ ಜಾರಿದರೆ ಚೂರು ಒಣ ಸೀಮೆಸುಣ್ಣ ಸಾಕು.

ತಂತಿ ಬದಲಿಸುವಾಗಲೂ ಒಂದೊಂದಾಗಿಯೇ ತೆಗೆಯಿರಿ. ಹೊಸ ತಂತಿ ಹಿಗ್ಗುತ್ತಲೇ ಇರುತ್ತದೆ, ಶ್ರುತಿ ಇಳಿಯುತ್ತಲೇ ಇರುತ್ತದೆ. ನೈಲಾನ್ ಥರದ ಸಿಂಥೆಟಿಕ್ ತಿರುಳಿನ ತಂತಿ ನೆಲೆಗೊಳ್ಳಲು ಒಂದೆರಡು ದಿನ ಬೇಕು, ಉಕ್ಕಿನ ತಿರುಳಿನದು ಬೇಗ ನಿಲ್ಲುತ್ತದೆ. ನಾದ ಸ್ವಲ್ಪ ಚೂಪಾದರೂ ಸರಿ, ತುರ್ತು ಪೆಟ್ಟಿಗೆಯಲ್ಲಿ ಉಕ್ಕಿನದೇ ಇರಲಿ.

ಹಂತ 4: ಊದುವ ವಾದ್ಯ, ಕೀಬೋರ್ಡ್

ಟ್ರಂಪೆಟ್‌ನ ಮೌತ್‌ಪೀಸ್ ಸಿಕ್ಕಿಕೊಂಡರೆ ಇಕ್ಕಳ ಹಾಕಬೇಡಿ. ತೆಳು ಕೊಳವೆ ತಿರುಚಿಹೋಗುತ್ತದೆ. ಅದಕ್ಕೆಂದೇ ಇರುವ ಪುಲ್ಲರ್ ಕೊಳ್ಳಿ. ಕ್ಲಾರಿನೆಟ್‌ನ ರಂಧ್ರ ಮುಚ್ಚುವ ಪ್ಯಾಡ್ ಅಂಟುತ್ತಿದ್ದರೆ ತೆಳು ಕಾಗದವನ್ನು ಅದರಡಿ ಇಟ್ಟು ಮೆಲ್ಲಗೆ ಒತ್ತಿ ತೇವ ಹೀರಿಸಿ. ಒತ್ತಿಹಿಡಿದೇ ಕಾಗದ ಎಳೆದರೆ ಪ್ಯಾಡ್ ಹರಿಯುತ್ತದೆ. ಚಳಿಯಿಂದ ಒಳಗೆ ತಂದ ಮರದ ಕ್ಲಾರಿನೆಟ್ಟನ್ನು ಪೆಟ್ಟಿಗೆಯಲ್ಲೇ ಇಪ್ಪತ್ತು ನಿಮಿಷ ಬಿಡಿ, ತಣ್ಣಗಿರುವಾಗಲೇ ಊದಿದರೆ ಮರ ಸೀಳಬಹುದು.

ಬಂದ ತಕ್ಷಣ ಶ್ರುತಿ ಮಾಡುವುದು ವ್ಯರ್ಥ. ಕೊಳವೆಯೊಳಗಿನ ಗಾಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಊದುವ ವಾದ್ಯದ ಶ್ರುತಿ ಸುಮಾರು 30 ಸೆಂಟ್, ಅಂದರೆ ಅರ್ಧ ಸ್ವರದ ಮೂರನೇ ಒಂದು ಭಾಗದಷ್ಟು ಏರುತ್ತದೆ. ತಂತಿವಾದ್ಯದ್ದು ಬಿಸಿಗೆ ಇಳಿಯುತ್ತದೆ. ಎಲ್ಲರೂ ಹತ್ತು ಹದಿನೈದು ನಿಮಿಷ ನುಡಿಸಿದ ಮೇಲೆ ಶ್ರುತಿ ಕೂಡಿಸಿ. ಸಭಾಂಗಣದ ಪಿಯಾನೊ ಜೊತೆಗಿದ್ದರೆ ಟ್ಯೂನರ್ ತೋರಿಸುವ 440 ಹರ್ಟ್ಸ್‌ನ ಮಾನಕ ಶ್ರುತಿ ಬಿಟ್ಟು ಆ ಪಿಯಾನೊಗೇ ಹೊಂದಿಸಿಕೊಳ್ಳಿ.

ಕೀಬೋರ್ಡಿನ ಅಡಾಪ್ಟರ್ ಮನೆಯಲ್ಲೇ ಉಳಿದಿದ್ದರೆ, ಎರವಲು ಪಡೆದದ್ದರಲ್ಲಿ ಮೂರು ಹೋಲಿಸಿ: ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಧನ-ಋಣ ಗುರುತಿನ ಚಿತ್ರ ಒಂದೇ ಆಗಿರಬೇಕು. ಪಿನ್ ಹೊಂದಿತೆಂದು ಚುಚ್ಚಿದರೆ ಒಳಗಿನ ಬೋರ್ಡ್ ಸುಡಬಹುದು. ತುದಿ ಬದಲಿಸುವ ಅಗ್ಗದ ಯೂನಿವರ್ಸಲ್ ಅಡಾಪ್ಟರ್‌ಗಳಲ್ಲಿ ಧನ-ಋಣ ಅದಲುಬದಲಾಗುವುದು ಸುಲಭ, ಅವನ್ನು ಕೊಳ್ಳಬೇಡಿ.

ಹಂತ 5: ಗಾಯಕಿಗೆ ಗಂಟಲು ಕಟ್ಟಿದಾಗ

ಎರಡು ಗಂಟೆ ಮೊದಲೇ ಪರೀಕ್ಷಿಸಿ. ಮಂದ್ರದಿಂದ ತಾರಕ್ಕೆ ಸಣ್ಣ ದನಿಯಲ್ಲಿ ಜಾರುತ್ತಾ ಗುನುಗಲಿ. ಮೇಲಿನ ಸ್ವರಗಳಲ್ಲಿ ದನಿ ಮಾಯವಾದರೆ ಹಾಡಿಸಬೇಡಿ. ಪಿಸುಮಾತೂ ಬೇಡ, ಅದರಿಂದಲೂ ಧ್ವನಿತಂತುಗಳಿಗೆ ಆಯಾಸವಾಗಬಹುದು. ನೀರು, ಮೌನ, ವಿಶ್ರಾಂತಿ. ಗಂಟಲು ಮರಗಟ್ಟಿಸುವ ಮಾತ್ರೆ ಚೀಪಿಸಿ ವೇದಿಕೆಗೆ ಕಳಿಸುವುದು ತಪ್ಪು. ನೋವು ತಿಳಿಯದೆ ಮಗು ಇನ್ನೂ ಜೋರು ಮಾಡುತ್ತದೆ.

ಶ್ರುತಿ ಇಳಿಸೋಣ ಎಂಬ ಸಲಹೆ ಬಂದೇ ಬರುತ್ತದೆ. ಕೀಬೋರ್ಡಿಗೆ ಅದು ಒಂದು ಗುಂಡಿ. ಗಿಟಾರಿನ ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪಾದ ಕ್ಯಾಪೊ ಶ್ರುತಿ ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಊದುವವರಂತೂ ಪ್ರತಿ ಸ್ವರವನ್ನೂ ತಲೆಯಲ್ಲೇ ಬದಲಿಸಬೇಕು. ಅಭ್ಯಾಸವಿಲ್ಲದೆ ಇದನ್ನು ಮಾಡಿಸಬೇಡಿ. ಅದೇ ಶ್ರುತಿಯಲ್ಲಿ ಇಬ್ಬರು ಮಕ್ಕಳು ಒಟ್ಟಿಗೆ ಹಾಡುವುದು ಸುರಕ್ಷಿತ, ಒಬ್ಬರಿಗೆ ಮರೆತರೆ ಇನ್ನೊಬ್ಬರಿರುತ್ತಾರೆ. ವಾದಕರೇ ಬಾರದಿದ್ದರೆ ಮೊದಲು ತುಂಬಬೇಕಾದದ್ದು ತಗ್ಗು ಸ್ವರಗಳ ಬೇಸ್ ಸಾಲು. ಕೀಬೋರ್ಡಿನ ಎಡಗೈಗೆ ಕೊಡಿ.

ಹಂತ 6: ಬಸ್ಸು ಕೆಟ್ಟರೆ

ಮಕ್ಕಳನ್ನು ರಸ್ತೆಯಿಂದ ದೂರ, ತಡೆಗೋಡೆ ಇದ್ದರೆ ಅದರಾಚೆ ನಿಲ್ಲಿಸಿ. ಆಯೋಜಕರಿಗೆ ‘ಸ್ವಲ್ಪ ತಡ’ ಎನ್ನದೆ ತಲುಪುವ ಗಂಟೆ ಹೇಳಿ. ಕಾರ್ಯಕ್ರಮದ 30, 20, 10 ನಿಮಿಷದ ಮೂರು ಪಟ್ಟಿಗಳು ಮೊದಲೇ ಸಿದ್ಧವಿರಲಿ.

ಹಂತ 7: ಒಂದು ತಲೆ ಕಡಿಮೆ ಬಂದರೆ

‘ಎಲ್ಲರೂ ಬಂದ್ರಾ?’ ಎಂದು ಕೇಳುವುದು ಎಣಿಕೆಯಲ್ಲ. ಪ್ರತಿ ಮಗುವಿಗೂ ಪ್ರವಾಸದುದ್ದಕ್ಕೂ ಒಂದೇ ಸಂಖ್ಯೆ. ಕೂತ ಮೇಲೆ ಕ್ರಮವಾಗಿ ತಾವೇ ಕೂಗಬೇಕು. ಸಂಖ್ಯೆ ತಪ್ಪಿದರೆ ಒಂದೇ ಒಂದು ಸಲ ಮತ್ತೆ ಎಣಿಸಿ. ಆಗಲೂ ಕಡಿಮೆ ಬಂದರೆ ಉಳಿದವರು ಕೂತಲ್ಲೇ ಇರಲಿ, ಮಕ್ಕಳ ಹೊಣೆಯವರು ಅವರನ್ನು ಬಿಟ್ಟು ಕದಲಬಾರದು. ವಾದ್ಯದ ಹೊಣೆಯವರು ಮಗು ಕೊನೆಗೆ ಕಂಡ ಜಾಗಕ್ಕೆ, ಶೌಚಾಲಯ ಮತ್ತು ವಾದ್ಯ ಇಟ್ಟ ಕೋಣೆಯನ್ನು ನೋಡುತ್ತಾ ಹೋಗಲಿ. ಫೋನಿನವರು ಅದೇ ಹೊತ್ತಿಗೆ ಕಾವಲು ಸಿಬ್ಬಂದಿಗೆ ಅಂದು ಬೆಳಿಗ್ಗೆ ತೆಗೆದ ಗುಂಪುಚಿತ್ರ ತೋರಿಸಲಿ. ಅರ್ಧ ಗಂಟೆ ತಾವೇ ಹುಡುಕಿ ಆಮೇಲೆ ಹೇಳುವುದು ದೊಡ್ಡ ತಪ್ಪು. ದೊಡ್ಡ ತರಗತಿಯ ಮಕ್ಕಳನ್ನು ಹುಡುಕಲು ಕಳಿಸಿದರೆ ಕಾಣೆಯಾದವರು ಇಬ್ಬರಾಗಬಹುದು. ‘ದಾರಿ ತಪ್ಪಿದರೆ ನಿಂತಲ್ಲೇ ನಿಲ್ಲು’ ಎಂದು ಮಕ್ಕಳಿಗೆ ಹೊರಡುವಾಗಲೇ ಹೇಳಿ.

ಮರಳುವಾಗ ಮಕ್ಕಳ ಎಣಿಕೆಯಾದ ಮೇಲೆ ವಾದ್ಯಗಳದ್ದು. ಪೆಟ್ಟಿಗೆ ಎಣಿಸಿದರೆ ಸಾಲದು, ತೆರೆದು ನೋಡಿ: ಪಿಟೀಲು ಒಳಗಿದ್ದು ಬಿಲ್ಲು ವೇದಿಕೆಯ ಕುರ್ಚಿಯ ಮೇಲೆಯೇ ಉಳಿದಿರುತ್ತದೆ.