ತೋಟದ ಡೀಸೆಲ್ ಎಂಜಿನ್ ಬಿಚ್ಚಲು ಟೂಲ್ಸ್: ಯಾವುದು ಕೊಳ್ಳಬೇಕು, ಯಾವುದು ಮಾಡಿಸಬೇಕು?

ಒಂದೇ ಸಿಲಿಂಡರ್‌ನ, ಐದು ಎಚ್‌ಪಿಯ ಡೀಸೆಲ್ ಎಂಜಿನ್ ನಮ್ಮ ಕಡೆಯ ಎಷ್ಟೋ ತೋಟಗಳಲ್ಲಿ ಇನ್ನೂ ಇದೆ. ಕರೆಂಟ್ ಕೈಕೊಟ್ಟಾಗ ನೀರೆತ್ತಿ ಬೆಳೆ ಉಳಿಸುವುದು ಅದೇ. ಕಿರ್ಲೋಸ್ಕರ್ ಎವಿ1 ಆಗಲಿ, ರಾಜ್‌ಕೋಟ್ ಕಡೆಯಿಂದ ಬರುವ, ಹಳೆ ಇಂಗ್ಲಿಷ್ ಲಿಸ್ಟರ್ ಎಂಜಿನ್ ಮಾದರಿಯದ್ದಾಗಲಿ, ಒಳಗೆ ಎಲೆಕ್ಟ್ರಾನಿಕ್ಸ್ ಏನೂ ಇಲ್ಲ. ಸ್ಪ್ಯಾನರ್ ಹಿಡಿದು ರೂಢಿ ಇದ್ದವರು ವಾಲ್ವ್ ಉಜ್ಜುವುದು, ರಿಂಗ್ ಬದಲಿಸುವುದು, ಟೈಮಿಂಗ್ ನೋಡುವುದನ್ನೆಲ್ಲ ಮನೆಯಲ್ಲೇ ಮಾಡಿಕೊಳ್ಳಬಹುದು. ಅಡ್ಡ ಬರುವುದು ಸ್ಪೆಷಲ್ ಟೂಲ್ಸ್. ಎಲ್ಲವನ್ನೂ ಹೊಸದಾಗಿ ಕೊಳ್ಳಲು ಹೊರಟರೆ ಮೆಕ್ಯಾನಿಕ್‌ಗೆ ಕೊಡುವ ಕೂಲಿಯೇ ಅಗ್ಗ ಅನ್ನಿಸುತ್ತದೆ.

ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ಅಳೆಯುವ ಟೂಲ್‌ಗೆ ದುಡ್ಡು ಹಾಕಿ. ಎಳೆಯುವ, ಒತ್ತುವ ಟೂಲ್ಸ್ ಲೇತ್ ಅಂಗಡಿಯಲ್ಲಿ ಮಾಡಿಸಿ. ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ನಾಝಲ್‌ನ ಪರೀಕ್ಷೆಯನ್ನು ಮಾತ್ರ ಡೀಸೆಲ್ ಪಂಪ್ ಸರ್ವಿಸ್‌ನವರಿಗೆ ಬಿಡಿ.

ಮೊದಲು ಮ್ಯಾನ್ಯುಯಲ್

ಟೂಲ್ ಅಂಗಡಿಗೆ ಹೋಗುವ ಮುನ್ನ ನಿಮ್ಮ ಎಂಜಿನ್‌ನ ಮ್ಯಾನ್ಯುಯಲ್ ಹುಡುಕಿ. ಡೀಲರ್ ಹತ್ತಿರ, ಹಳೆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದರೆ ಜೆರಾಕ್ಸ್ ಆದರೂ ಸಿಗುತ್ತದೆ. ಹೆಡ್ ನಟ್‌ನ ಟಾರ್ಕ್ (ಎಷ್ಟು ಬಿಗಿಯಬೇಕು ಅನ್ನುವ ಅಳತೆ), ವಾಲ್ವ್ ಗ್ಯಾಪ್, ಬಂಪಿಂಗ್ ಕ್ಲಿಯರೆನ್ಸ್ (ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಹೆಡ್‌ಗೂ ಅದಕ್ಕೂ ಉಳಿಯುವ ಸಂದು), ಇಂಜೆಕ್ಷನ್ ಟೈಮಿಂಗ್ (ಡೀಸೆಲ್ ಸಿಂಪಡಿಕೆ ಶುರುವಾಗುವ ಸಮಯ), ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಆ ಕೆಲಸಕ್ಕೆ ಬೇಕಾದ್ದನ್ನಷ್ಟೇ ಕೊಳ್ಳಿ. ಹತ್ತಾರು ಅಡಾಪ್ಟರ್ ಇರುವ ದೊಡ್ಡ ಪೆಟ್ಟಿಗೆ ಆನ್‌ಲೈನಲ್ಲಿ ಅಗ್ಗಕ್ಕೆ ಕಾಣುತ್ತದೆ. ಅದರಲ್ಲಿ ನಿಮ್ಮ ಎಂಜಿನ್‌ಗೆ ಕೂರುವುದು ಒಂದೋ ಎರಡೋ, ಉಳಿದದ್ದು ಸುಮ್ನೆ ತುಕ್ಕು ಹಿಡಿಯುತ್ತದೆ.

ದುಡ್ಡು ಹಾಕಬೇಕಾದ್ದು

ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳ ಕಟ್ಟು), 0–25 ಮಿ.ಮೀ. ಮೈಕ್ರೋಮೀಟರ್, ಟಾರ್ಕ್ ರೆಂಚ್ (ಇಟ್ಟ ಅಂಕಿಯಷ್ಟು ಬಿಗಿದಾಗ ಕ್ಲಿಕ್ ಅನ್ನುವ ಸ್ಪ್ಯಾನರ್). ಇವು ಮೂರು ಸಾಕು. ಫೀಲರ್ ಗೇಜ್ ಹೊಸದೇ ತಗೊಳ್ಳಿ, ಅದೇನು ಜಾಸ್ತಿ ಬೆಲೆಯದ್ದಲ್ಲ. ಮೈಕ್ರೋಮೀಟರ್ ಹಳೆಯದಾದರೂ ಪರವಾಗಿಲ್ಲ. ಬಾಯಿ ಒರೆಸಿ ಪೂರ್ತಿ ಮುಚ್ಚಿದಾಗ ಗೆರೆ ಸೊನ್ನೆಗೆ ಬರಬೇಕು. ಆಮೇಲೆ ಫೀಲರ್ ಗೇಜ್‌ನ 0.50 ಎಲೆಯನ್ನು ಅದರಲ್ಲಿ ಅಳೆದು ನೋಡಿ. ಎರಡೂ ಹೊಂದಿದರೆ ಧೈರ್ಯವಾಗಿ ಕೊಳ್ಳಬಹುದು.

ಬಂಪಿಂಗ್ ಕ್ಲಿಯರೆನ್ಸ್‌ಗೆ ಬೇರೆ ಗೇಜ್ ಬೇಡ. ಪಿಸ್ಟನ್ ತಲೆ ಮೇಲೆ ಸೋಲ್ಡರ್ ತಂತಿಯ ತುಂಡನ್ನು ವಾಲ್ವ್‌ಗೆ ತಾಗದ ಹಾಗೆ ಗ್ರೀಸ್ ಹಚ್ಚಿ ಅಂಟಿಸಿ. ಹೆಡ್ ಕೂರಿಸಿ, ನಟ್‌ಗಳನ್ನು ಸರಿಯಾದ ಟಾರ್ಕ್‌ಗೆ ಬಿಗಿದು, ಫ್ಲೈವೀಲ್‌ ಅನ್ನು ಕೈಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಹೆಡ್ ತೆಗೆದು, ಚಪ್ಪಟೆಯಾದ ತಂತಿಯನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಆ ದಪ್ಪವೇ ನಿಮ್ಮ ಕ್ಲಿಯರೆನ್ಸ್.

ಟಾರ್ಕ್ ರೆಂಚ್ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹುಷಾರು. ಬಿಗಿದಿಟ್ಟು ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದರೆ ಸ್ಪ್ರಿಂಗ್ ಸೋತಿರುತ್ತದೆ. ಪರೀಕ್ಷೆ ಸುಲಭ. ರೆಂಚ್‌ನ ಚೌಕ ತುದಿಯನ್ನು ವೈಸ್‌ಗೆ ಕಚ್ಚಿಸಿ, ಹಿಡಿಕೆ ನೆಲಕ್ಕೆ ಸಮವಾಗಿರಲಿ. ಚೌಕದ ನಡುವಿನಿಂದ ಹಿಡಿಕೆಯ ಕಡೆಗೆ 40 ಸೆಂ.ಮೀ. ಅಳೆದು ಗುರುತು ಹಾಕಿ. ಕ್ಯಾನ್ ಒಂದಕ್ಕೆ ನೀರು ತುಂಬಿ, ಕ್ಯಾನ್ ಸೇರಿ 10 ಕೆ.ಜಿ. ಬರುವಂತೆ ತೂಕ ಮಾಡಿ, ಆ ಗುರುತಿಗೆ ನೇತುಹಾಕಿ. 10 ಕೆ.ಜಿ., 0.4 ಮೀಟರ್ ಅಂದರೆ 4 ಕೆ.ಜಿ.-ಮೀಟರ್, ಹೆಚ್ಚುಕಮ್ಮಿ 39 ನ್ಯೂಟನ್ ಮೀಟರ್. ರೆಂಚ್ ಆ ಅಂಕಿಯ ಆಸುಪಾಸಿನಲ್ಲೇ ಕ್ಲಿಕ್ ಆಗಬೇಕು. 30ಕ್ಕೆ ಇಟ್ಟರೂ ಕ್ಲಿಕ್ ಆಗದಿದ್ದರೆ, ಅಥವಾ 50ಕ್ಕೆ ಇಟ್ಟರೂ ಆಗಿಬಿಟ್ಟರೆ, ವಾಪಸ್ ಕೊಟ್ಟುಬಿಡಿ.

ಮಾಡಿಸಿಕೊಳ್ಳುವುದು

ಫ್ಲೈವೀಲ್‌ ಅನ್ನು ಸುತ್ತಿಗೆಯಲ್ಲಿ ಬಡಿದು ತೆಗೆಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಬೀಡು ಕಬ್ಬಿಣ, ಬಿರುಕು ಬಿಟ್ಟರೆ ಮುಗೀತು. ಎಳೆಯುವುದಕ್ಕೆಂದೇ ಮರೆ (ಥ್ರೆಡ್) ಕೊರೆದ ತೂತುಗಳು ಅದರಲ್ಲಿದ್ದರೆ, ದಪ್ಪ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್‌ನಲ್ಲಿ ಅದೇ ಅಳತೆಗೆ ತೂತು ಹಾಕಿಸಿ, ನಡುವೆ ಒಂದು ದಪ್ಪ ಬೋಲ್ಟ್‌ಗೆ ಮರೆ ಕೊರೆಸಿ. ಅದೇ ಪುಲ್ಲರ್, ಅಂದರೆ ಎಳೆದು ತೆಗೆಯುವ ಟೂಲ್. ಬೋಲ್ಟ್ ಮಾತ್ರ ತಲೆಯ ಮೇಲೆ 8.8 ಅಥವಾ 10.9 ಅಂತ ಬಲದ ದರ್ಜೆ ಅಚ್ಚಾಗಿರುವುದೇ ಬೇಕು.

ಇಂಜೆಕ್ಷನ್ ಟೈಮಿಂಗ್ ನೋಡಲು ಒಂದು ಹಳೆ ಹೈ ಪ್ರೆಶರ್ ಪೈಪ್ ಸಾಕು. ಗುಜರಿಯಲ್ಲಿ ನಿಮ್ಮ ಎಂಜಿನ್‌ನ ಡೀಸೆಲ್ ಪಂಪ್‌ಗೆ ಹೊಂದುವ ನಟ್ ಇರುವ ಪೈಪ್ ಹುಡುಕಿ, ಗೇಣುದ್ದಕ್ಕೆ ಕತ್ತರಿಸಿ, ತುದಿ ಕೆಳಗೆ ಬಾಗಿರುವ ಹಾಗೆ ಬಗ್ಗಿಸಿ. ಪಂಪ್‌ನ ಡೆಲಿವರಿ ವಾಲ್ವ್ ಮತ್ತು ಸ್ಪ್ರಿಂಗ್ ತೆಗೆದು ಶುದ್ಧ ಡೀಸೆಲ್ ಇರುವ ಬಟ್ಟಲಲ್ಲಿಡಿ, ಹೋಲ್ಡರ್ ಮತ್ತೆ ಹಾಕಿ, ಈ ಪೈಪ್ ಕೂರಿಸಿ. ರ‍್ಯಾಕ್ (ಡೀಸೆಲ್ ಹೆಚ್ಚು ಕಡಿಮೆ ಮಾಡುವ ಕಡ್ಡಿ) ಪೂರ್ತಿ ಡೀಸೆಲ್ ಕೊಡುವ ಕಡೆ ಇರಲಿ. ಟ್ಯಾಂಕ್ ಕಾಕ್ ತೆರೆದರೆ ಡೀಸೆಲ್ ತಾನೇ ಹರಿಯುತ್ತದೆ. ಫ್ಲೈವೀಲ್‌ ಅನ್ನು ಎಂಜಿನ್ ತಿರುಗುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿ. ಧಾರೆ ಸಣ್ಣಗಾಗಿ, ಹನಿಯಾಗಿ, ನಿಲ್ಲುತ್ತದೆ. ನಿಂತ ಆ ಕ್ಷಣವೇ ಇಂಜೆಕ್ಷನ್ ಶುರುವಾಗುವ ಜಾಗ.

ಡಿಗ್ರಿ ಅಳೆಯಲು ಡಿಗ್ರಿ ವೀಲ್ ಕೊಳ್ಳಬೇಡಿ. ದರ್ಜಿಯ ಟೇಪ್‌ನಿಂದ ಫ್ಲೈವೀಲ್ ಅಂಚಿನ ಸುತ್ತಳತೆ ತೆಗೆದು 360ರಿಂದ ಭಾಗಿಸಿ. ಸುತ್ತಳತೆ 1800 ಮಿ.ಮೀ. ಇದ್ದರೆ ಒಂದು ಡಿಗ್ರಿಗೆ 5 ಮಿ.ಮೀ. ಟೈಮಿಂಗ್ 23 ಡಿಗ್ರಿ ಅಂದರೆ ಟಾಪ್ ಡೆಡ್ ಸೆಂಟರ್ (ಪಿಸ್ಟನ್ ಪೂರ್ತಿ ಮೇಲಿರುವ ಜಾಗ) ಗುರುತಿಗಿಂತ 115 ಮಿ.ಮೀ. ಮುಂಚೆ ಧಾರೆ ನಿಲ್ಲಬೇಕು. ತಡವಾಗಿ ನಿಂತರೆ ಪಂಪ್ ಅಡಿಯ ಶಿಮ್ (ತೆಳು ತಗಡು) ಒಂದು ತೆಗೆಯಿರಿ, ಬೇಗ ನಿಂತರೆ ಒಂದು ಸೇರಿಸಿ.

ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಡೀಸೆಲ್ ಕಂಪ್ರೆಶನ್ ಗೇಜ್ ದುಬಾರಿ. ಪೆಟ್ರೋಲ್ ಗಾಡಿಯದ್ದನ್ನು ಇದಕ್ಕೆ ಹಾಕಬೇಡಿ. ಅದರ ಮುಳ್ಳು ಸಾಮಾನ್ಯವಾಗಿ 20 ಬಾರ್‌ಗೆ ಮುಗಿಯುತ್ತದೆ, ಚೆನ್ನಾಗಿರುವ ಡೀಸೆಲ್ ಎಂಜಿನ್ ಅದನ್ನು ದಾಟಿ ಹೋಗುತ್ತದೆ. ಬದಲಿಗೆ ಸತ್ತ ಇಂಜೆಕ್ಟರ್ (ನಾಝಲ್ ಕೂರುವ ಭಾಗ) ಒಂದರ ಒಳಗೆ ಆರಪಾರ ತೂತು ಕೊರೆಸಿ, ಮೇಲೆ ಗಾಳಿ ಪೈಪ್‌ನ ಕನೆಕ್ಟರ್ ಹಾಕಿಸಿ, ಇಂಜೆಕ್ಟರ್ ಜಾಗದಲ್ಲಿ ಕೂರಿಸಿ. ಕಂಪ್ರೆಶನ್ ಸ್ಟ್ರೋಕ್‌ನ ತುತ್ತತುದಿಗೆ ಪಿಸ್ಟನ್ ತಂದು, ವಾಲ್ವ್ ತೆರೆದು ಹಿಡಿಯುವ ಡಿಕಂಪ್ರೆಶನ್ ಲಿವರ್ ಸಡಿಲ ಬಿಟ್ಟು, 3–4 ಬಾರ್ ಗಾಳಿ ಕೊಡಿ. ಸೈಲೆನ್ಸರ್‌ನಲ್ಲಿ ಬುಸುಗುಟ್ಟಿದರೆ ಎಕ್ಸಾಸ್ಟ್ ವಾಲ್ವ್, ಏರ್ ಕ್ಲೀನರ್‌ನಲ್ಲಾದರೆ ಇನ್‌ಲೆಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಾದರೆ ರಿಂಗ್ ಅಥವಾ ಲೈನರ್. ಬರೀ ಗೇಜ್ ಇಷ್ಟು ಹೇಳಲ್ಲ. ಗಾಳಿ ಬಿಟ್ಟಾಗ ಫ್ಲೈವೀಲ್ ಧಡಕ್ಕನೆ ತಿರುಗಬಹುದು, ಹ್ಯಾಂಡಲ್ ಮೊದಲೇ ತೆಗೆದಿಡಿ, ಕೈ ದೂರ ಇರಲಿ.

ಅಂಗಡಿಗೆ ಬಿಡುವುದು

ಈ ಬಗೆಯ ಎಂಜಿನ್‌ಗಳ ನಾಝಲ್ ಸುಮಾರು 200 ಬಾರ್‌ನಲ್ಲಿ ತೆರೆಯುತ್ತದೆ. ಕಾರಿನ ಟೈರ್‌ನಲ್ಲಿರುವುದು ಎರಡು ಚಿಲ್ಲರೆ ಬಾರ್. ಆ ಸಿಂಪಡಿಕೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ಒಳಗೆ ಬೆರಳೇ ಕೊಳೆಯಬಹುದು. ಹಾಗಾದರೆ ನೋವಿಲ್ಲ ಅಂತ ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ವರ್ಷಕ್ಕೊಮ್ಮೆ ಬೇಕಾಗುವ ಪರೀಕ್ಷೆಗೆ ಟೆಸ್ಟರ್ ಕೊಳ್ಳುವುದೂ ಬೇಡ, ಸ್ವಂತಕ್ಕೆ ಮಾಡಿಕೊಳ್ಳುವುದಂತೂ ಬೇಡವೇ ಬೇಡ. ಇಂಜೆಕ್ಟರ್ ಬಿಚ್ಚಿ ಪಂಪ್ ಸರ್ವಿಸ್‌ಗೆ ಒಯ್ದರೆ ನಿಮ್ಮೆದುರೇ ಪರೀಕ್ಷೆ ಮಾಡಿಕೊಡುತ್ತಾರೆ.

ಎಲ್ಲಿ ಹುಡುಕುವುದು

ಬೆಂಗಳೂರಿಗೆ ಬಂದರೆ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಸುತ್ತಿ ಬನ್ನಿ. ಊರಲ್ಲಾದರೆ ಮುಚ್ಚುತ್ತಿರುವ ಗ್ಯಾರೇಜ್‌ಗಳನ್ನು ವಿಚಾರಿಸಿ, ಒಳ್ಳೆ ಹಳೆ ಮಾಲು ಸಿಗುವುದು ಅಲ್ಲೇ. ಕೈಗೆ ತಗೊಂಡು, ಬಾಯಿ ಸವೆದಿದೆಯೇ ನೋಡಿ, ಆಮೇಲೆ ಚೌಕಾಸಿ ಮಾಡಿ.

ಅಕ್ಕಪಕ್ಕದ ತೋಟದವರೂ ಇದೇ ಎಂಜಿನ್ ಇಟ್ಟುಕೊಂಡಿರುತ್ತಾರೆ, ಅಲ್ವಾ? ನಾಲ್ಕೈದು ಮನೆಯವರು ಸೇರಿದರೆ ಟಾರ್ಕ್ ರೆಂಚ್ ಹೊಸದೇ ತರಬಹುದು. ಒಬ್ಬರ ಮನೆಯಲ್ಲಿಡಿ, ಒಯ್ದವರ ಹೆಸರು, ತಾರೀಕು ನೋಟ್‌ಬುಕ್‌ನಲ್ಲಿ ಬರೆಯಿರಿ. ವಾಪಸ್ ಕೊಡುವಾಗ ಒರೆಸಿ, ಅತಿ ಕಡಿಮೆ ಅಂಕಿಗೆ ಸಡಿಲಿಸಿ ಕೊಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.