ಮುಳ್ಳಯ್ಯನಗಿರಿಗೆ ಹೊರಡುವ ಮುನ್ನ ಕಾಲು ಪಳಗಿಸಿ

ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ ಶಿಖರ, 1,930 ಮೀಟರ್. ತುದಿಯ ಹತ್ತಿರದವರೆಗೂ ರಸ್ತೆ ಇದೆ, ನಿಜ. ಆದರೆ ಸರ್ಪದಾರಿ ಎಂಬ ಕಾಲುದಾರಿಯಿಂದ ನಡೆದು ಹತ್ತುವ ಖುಷಿಯೇ ಬೇರೆ. ದೂರ ಸುಮಾರು ನಾಲ್ಕು ಕಿಲೋಮೀಟರ್ ಅಷ್ಟೇ, ಹೆಚ್ಚುಕಡಿಮೆ ಪೂರ್ತಿ ಏರು. ರಜೆ ಸಿಕ್ಕಿತು ಅಂತ ಬ್ಯಾಗು, ಜಾಕೆಟ್ಟು ಎಲ್ಲ ಹೊಂದಿಸಿಕೊಳ್ಳುತ್ತೇವೆ. ಕಾಲಿನ ಯೋಚನೆ ಯಾರೂ ಮಾಡುವುದಿಲ್ಲ, ಅಲ್ವಾ?

ಒಂದು ತಿಂಗಳು ಮೊದಲೇ ಶುರು ಮಾಡಿ. ಮೊದಲ ವಾರ ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ. ಎರಡನೇ ವಾರದಿಂದ ಮೆಟ್ಟಿಲು ಹತ್ತಿ ಇಳಿಯಿರಿ. ಆಮೇಲೆ ಬೆನ್ನಿಗೆ ಬ್ಯಾಗು ಏರಿಸಿ, ಅದರಲ್ಲಿ ಎರಡು ಲೀಟರ್ ನೀರಿರಲಿ. ಇಳಿಯುವ ಅಭ್ಯಾಸ ಮಾತ್ರ ತಪ್ಪಿಸಬೇಡಿ. ಹತ್ತುವಾಗ ಏದುಸಿರು ಬರುತ್ತದೆ, ಸ್ವಲ್ಪ ನಿಂತರೆ ಸರಿಹೋಗುತ್ತದೆ. ಮಂಡಿ, ತೊಡೆ ಹಿಡಿದುಕೊಳ್ಳುವುದು ಇಳಿಯುವಾಗ. ಮೈಭಾರವನ್ನೆಲ್ಲ ಒಂದೊಂದು ಹೆಜ್ಜೆಗೂ ತೊಡೆಯೇ ತಡೆಯಬೇಕು. ಅಭ್ಯಾಸವಿಲ್ಲದಿದ್ದರೆ ಮರುದಿನ ಮಂಚದಿಂದ ಏಳುವುದೂ ಕಷ್ಟ. ಹಾಸನದ ಕಡೆಯವರಿಗೆ ಶ್ರವಣಬೆಳಗೊಳದ ವಿಂಧ್ಯಗಿರಿ ಇದೆ, ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು. ಬರಿಗಾಲಲ್ಲಿ ಹತ್ತಬೇಕು, ಹಾಗಾಗಿ ಬಂಡೆ ಕಾಯುವ ಮೊದಲೇ ಹೋಗಿ.

ಹೊಸ ಶೂ ಹಾಕಿಕೊಂಡು ನೇರ ಬೆಟ್ಟಕ್ಕೆ ಹೋಗಬೇಡಿ. ಎರಡು ವಾರ ಅದರಲ್ಲೇ ಓಡಾಡಿ. ಹೊರಡುವ ಹಿಂದಿನ ದಿನ ಕಾಲುಗುರು ಕತ್ತರಿಸಿಕೊಳ್ಳಿ. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ, ಹೆಬ್ಬೆರಳಿನ ಉಗುರು ಶೂಗೆ ಕುಟ್ಟಿ ಕಪ್ಪಾಗುತ್ತದೆ. ಇಳಿಯುವ ಮುಂಚೆ ಲೇಸು ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಮತ್ತೆ ಬಿಗಿಯಾಗಿ ಕಟ್ಟಿ.

ಅಕ್ಟೋಬರಿನಿಂದ ಫೆಬ್ರವರಿವರೆಗೆ ಒಳ್ಳೆ ಕಾಲ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ. ಆಗ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದೂ ಉಂಟು. ಕುದುರೆಮುಖದಂಥ ಕಡೆ ಮೊದಲೇ ಆನ್‌ಲೈನ್ ಬುಕಿಂಗ್ ಮಾಡಿಸಬೇಕು.

ಮಳೆಗಾಲದಲ್ಲಿ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ ಜಾಸ್ತಿ. ಪ್ಯಾಂಟನ್ನು ಉದ್ದನೆಯ ಸಾಕ್ಸ್ ಒಳಗೆ ತುರುಕಿ. ಅದು ಕಚ್ಚಿಕೊಂಡರೆ ಗಾಬರಿಯಾಗಿ ಎಳೆಯಬೇಡಿ. ಅದರ ಸಣ್ಣ ತುದಿಯ ಪಕ್ಕದಲ್ಲಿ ಉಗುರು ತೂರಿಸಿ ಸರಿಸಿದರೆ ಕಳಚಿಕೊಳ್ಳುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಹಾಗಾಗಿ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ.

ಬೆಳಕು ಹರಿಯುತ್ತಲೇ ಹೊರಡಿ. ದಾರಿಯುದ್ದಕ್ಕೂ ಹುಲ್ಲುಗಾವಲು, ನೆರಳು ಕಡಿಮೆ. ನೀರು ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ. ಕಡಲೆಕಾಯಿ, ಬೆಲ್ಲ, ಬಾಳೆಹಣ್ಣು ಜೊತೆಗಿರಲಿ. ಮಂಜು ಮುಸುಕಿ ದಾರಿ ಕಾಣದಿದ್ದರೆ ಅಡ್ಡದಾರಿ ಹುಡುಕಬೇಡಿ. ಎಲ್ಲರೂ ಒಟ್ಟಿಗೆ ಕೂತು, ಮಂಜು ಸರಿದ ಮೇಲೆ ಹೆಜ್ಜೆ ಹಾಕಿ.